‘ಆನ್’ ಮತ್ತು ‘ಮೇಲೆ’: ಸೊಲ್ಲಾಪುರ ರಸ್ತೆಯಿಂದ ಒಂದು ಆಕ್ಷೇಪ

ಇಂಗ್ಲಿಷಿನ ‘ಆನ್’ ಎಂಬ ಪೂರ್ವಸರ್ಗದ ಎದುರಿಗೆ ‘ಮೇಲೆ’ ಎಂದು ಬರೆದು ಮುಂದೆ ಸಾಗುವುದು ನಮ್ಮ ತರಗತಿಗಳ ಹಳೆಯ ರೂಢಿ. ಈ ಸಮೀಕರಣದ ದೋಷವನ್ನು ತೋರಿಸುವುದು ಕಷ್ಟವಲ್ಲ. ಆದರೆ ಸ್ಥಳವಾಚಕಗಳನ್ನು ಅಳೆಯಲು ನಾವು ಎರವಲು ತಂದಿರುವ ಸಂಶೋಧನಾ ಪರಿಕರದಲ್ಲಿಯೂ ಇದೇ ದೋಷ ಇನ್ನೊಂದು ರೂಪದಲ್ಲಿ ನೆಲೆಸಿದೆ ಎಂಬುದು ಈ ಲೇಖನದ ವಾದ.

ವಿಜಯಪುರದ ಸೊಲ್ಲಾಪುರ ರಸ್ತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ಲಾರಿಗಳು ಓಡುತ್ತವೆ, ವಿದ್ಯುತ್ ತಂತಿಗಳು ಅಡ್ಡ ಹಾಯುತ್ತವೆ, ಬದಿಗೆ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜಿದೆ. ಇಂಗ್ಲಿಷು ಲಾರಿಗೂ ಕಾಲೇಜಿಗೂ ‘ಆನ್’ ಎನ್ನುತ್ತದೆ, ತಂತಿಗೆ ‘ಓವರ್’ ಎನ್ನುತ್ತದೆ. ಶಿಷ್ಟ ಕನ್ನಡವು ಲಾರಿಯನ್ನೂ ತಂತಿಯನ್ನೂ ‘ರಸ್ತೆಯ ಮೇಲೆ’ ಎಂದು ಕೂಡಿಸಿ, ಕಾಲೇಜನ್ನು ‘ರಸ್ತೆಯಲ್ಲಿ’ ಎಂದು ಬೇರಿರಿಸುತ್ತದೆ. ಒಂದು ಭಾಷೆ ಸಂಪರ್ಕವನ್ನು ನೋಡುತ್ತದೆ, ಇನ್ನೊಂದು ಎತ್ತರವನ್ನು ನೋಡುತ್ತದೆ ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ‘ಗೋಡೆಯ ಮೇಲೆ ಹಲ್ಲಿ’ ಎನ್ನುವಾಗ ಎತ್ತರ ಮಾಯವಾಗಿ ಹೊರಮೈ ಮಾತ್ರ ಉಳಿಯುವುದರಿಂದ ಆ ಸೀಳು ಅಷ್ಟು ನೇರವಲ್ಲ.

ಶುದ್ಧವಾದಿಗಳು ‘ರಸ್ತೆಯ ಮೇಲಿನ ಅಂಗಡಿ’ಯನ್ನು ಇಂಗ್ಲಿಷಿನ ಪಡಿಯಚ್ಚೆಂದು ಜರೆಯುತ್ತಾರೆ. ನಮಗೆ ಇದು ಒಪ್ಪಿಗೆಯಿಲ್ಲ. ‘ರೋಡ್ ಮ್ಯಾಲ ಮನಿ’ ಎಂಬ ಮಾತು ಈ ಸೀಮೆಯಲ್ಲಿ ಇಂಗ್ಲಿಷ್ ಬಾರದವರ ಬಾಯಲ್ಲೂ ಇದೆ. ನೆರೆಯ ಮರಾಠಿಯ ‘ರಸ್ತ್ಯಾವರ್’ ಅದರ ಪಕ್ಕದಲ್ಲೇ ಇದೆ. ನಿಜವಾದ ತೊಡಕು ಬೇರೆಯದು. ‘ರಸ್ತೆಯ ಮೇಲೆ ಅಂಗಡಿ’ ಎಂದರೆ ರಸ್ತೆಗೆ ಮುಖಮಾಡಿದ ಅಂಗಡಿಯೂ ಆಗಬಹುದು, ರಸ್ತೆಯನ್ನೇ ಆಕ್ರಮಿಸಿದ ಅಂಗಡಿಯೂ ಆಗಬಹುದು. ಅತಿಕ್ರಮಣದ ನೋಟಿಸೊಂದರಲ್ಲಿ ಈ ದ್ವಂದ್ವಾರ್ಥ ಕೇವಲ ವ್ಯಾಕರಣದ ಚರ್ಚೆಯಾಗಿ ಉಳಿಯಲಾರದು.

ಇನ್ನು ಪರಿಕರದ ವಿಚಾರ. ಬವರ್‌ಮನ್ ಮತ್ತು ಪೆಡರ್ಸನ್ 1992ರಲ್ಲಿ ಸಿದ್ಧಪಡಿಸಿದ 71 ರೇಖಾಚಿತ್ರಗಳ ಸರಣಿ ಈ ಕ್ಷೇತ್ರದಲ್ಲಿ ಸರ್ವಮಾನ್ಯವಾಗಿದೆ. ಮೇಜಿನ ಮೇಲಿನ ಬಟ್ಟಲು, ಬೆರಳಿನ ಉಂಗುರ ಮುಂತಾದ ಚಿತ್ರ ತೋರಿಸಿ, ಅದು ಎಲ್ಲಿದೆ ಎಂದು ಕೇಳುವುದು ಕ್ರಮ. ಲೆವಿನ್ಸನ್ ಮತ್ತು ಮೇಯ್ರಾ 2003ರಲ್ಲಿ ಒಂಬತ್ತು ಭಾಷೆಗಳನ್ನು ಹೀಗೆ ಹೋಲಿಸಿದರು. ಅವುಗಳಲ್ಲಿ ದ್ರಾವಿಡ ಭಾಷೆ ಒಂದೂ ಇಲ್ಲ. ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಅದೇ ಚಿತ್ರಗಳನ್ನು ಹಿಡಿದು ಹೊರಟಾಗ ಎದುರಾಗುವ ಸಮಸ್ಯೆ ಪ್ರಶ್ನೆಯಲ್ಲಿಯೇ ಇದೆ. ಕನ್ನಡದ ‘ಎಲ್ಲಿ’ ಸ್ವತಃ ಸಪ್ತಮಿಯ ರೂಪ. ಅದು ಸಪ್ತಮಿಯ ಉತ್ತರವನ್ನೇ ಬೇಡುತ್ತದೆ. ‘ಚಪ್ಪಲಿ ಎಲ್ಲಿದೆ?’ ಎಂದರೆ ‘ಕಾಲಲ್ಲಿದೆ’ ಎಂಬ ಉತ್ತರ ಬರುತ್ತದೆ. ‘ಕಾಲಿಗಿದೆ’ ಎಂದು ಯಾರೂ ಹೇಳುವುದಿಲ್ಲ. ಆದರೆ ಅದೇ ವ್ಯಕ್ತಿ ಮರುಗಳಿಗೆಯಲ್ಲಿ ‘ಕಾಲಿಗೆ ಚಪ್ಪಲಿಯಿಲ್ಲ’ ಎನ್ನುತ್ತಾನೆ. ಹಣೆಗೆ ಕುಂಕುಮ, ಬೆರಳಿಗೆ ಉಂಗುರ, ಬಾಗಿಲಿಗೆ ತೋರಣ, ಗೋಡೆಗೆ ಪಟ: ಅಂಟಿದ, ತೊಟ್ಟ, ಕಟ್ಟಿದ ವಸ್ತುಗಳಿಗೆ ಕನ್ನಡದ ಸಹಜ ಒಲವು ಚತುರ್ಥಿಯ ಕಡೆಗೆ. ಇದು ‘ಹಚ್ಚು’, ‘ತೊಡು’, ‘ಕಟ್ಟು’ ಮುಂತಾದ ಕ್ರಿಯಾಪದಗಳ ನೆರಳು ಮಾತ್ರ ಎಂಬ ಆಕ್ಷೇಪ ಬರಬಹುದು. ‘ಕಾಲಿಗೆ ಚಪ್ಪಲಿಯಿಲ್ಲ’ ಎಂಬ ವಾಕ್ಯದಲ್ಲಿ ಅಂಥ ಕ್ರಿಯೆ ಯಾವುದೂ ಇಲ್ಲ; ಆದರೂ ಚತುರ್ಥಿ ನಿಂತಿದೆ.

ಉಡುಪು, ಆಭರಣಗಳ ಮುಂದೆ ಮೂಲ ಸ್ಥಾನವಾಕ್ಯವು ದುರ್ಬಲವಾಗುತ್ತದೆಂದು ಲೆವಿನ್ಸನ್ ಮತ್ತು ವಿಲ್ಕಿನ್ಸ್ 2006ರಲ್ಲಿ ತಾವೇ ತೋರಿಸಿದ್ದಾರೆ. ಆದರೆ ಅವರ ಶ್ರೇಣಿಯಲ್ಲಿ ಅದು ಅಂಚಿನ ಸಂಗತಿ. ಕನ್ನಡದಲ್ಲಿ ಅದು ಅಂಚಲ್ಲ, ವ್ಯವಸ್ಥೆಯ ಅರ್ಧಭಾಗ. ಪಾಣಿನೀಯರು ಅಧಿಕರಣವನ್ನು ಔಪಶ್ಲೇಷಿಕ, ವೈಷಯಿಕ, ಅಭಿವ್ಯಾಪಕ ಎಂದು ಮೂರಾಗಿ ವಿಂಗಡಿಸಿ, ತಗಲಿಕೊಂಡಿರುವುದಕ್ಕೂ ಎಳ್ಳಿನೊಳಗಿನ ಎಣ್ಣೆಯಂತೆ ವ್ಯಾಪಿಸಿರುವುದಕ್ಕೂ ನಡುವಿನ ಭೇದವನ್ನು ಗುರುತಿಸಿದ್ದರು. ಆದರೆ ಅವರಿಗೆ ಮೂರೂ ಸಪ್ತಮಿಯೇ. ಕನ್ನಡವು ಔಪಶ್ಲೇಷಿಕದ ದೊಡ್ಡ ಪಾಲನ್ನು ಚತುರ್ಥಿಗೆ ಬಿಟ್ಟುಕೊಟ್ಟಿದೆ ಎಂಬುದನ್ನು ಆ ಚೌಕಟ್ಟಿನಿಂದಲೂ ಕಾಣಲಾಗದು. ಬ್ರಗ್‌ಮನ್ 1981ರಲ್ಲಿ, ಲೇಕಾಫ್ 1987ರಲ್ಲಿ ‘ಓವರ್’ಗಾಗಿ ಹೆಣೆದ ಅರ್ಥಜಾಲದ ಮಾದರಿಯೂ ಇಲ್ಲಿ ಹೆಚ್ಚು ದೂರ ಒಯ್ಯದು: ಅದಕ್ಕೆ ಕೇಂದ್ರದಲ್ಲಿ ಒಂದು ಪದ ಬೇಕು, ನಮ್ಮಲ್ಲಿ ಕೆಲಸ ಎರಡು ವಿಭಕ್ತಿ ಹಾಗೂ ಒಂದು ಪರಸರ್ಗದ ನಡುವೆ ಹಂಚಿಹೋಗಿದೆ.

ನುಡಿಗಟ್ಟುಗಳು ಇದನ್ನೇ ಇನ್ನಷ್ಟು ಗಟ್ಟಿಮಾಡುತ್ತವೆ. ಇಂಗ್ಲಿಷಿನಲ್ಲಿ ವಾಹನವು ರಸ್ತೆಯ ‘ಆನ್’ ಇರುತ್ತದೆ ಅಥವಾ ‘ಆಫ್’ ಆಗುತ್ತದೆ. ನಮ್ಮ ಪತ್ರಿಕೆಗಳಲ್ಲಿ ಮುಷ್ಕರದ ದಿನ ಬಸ್ಸುಗಳು ‘ರಸ್ತೆಗಿಳಿಯುವುದಿಲ್ಲ’. ಮನೆ ಕಳೆದುಕೊಂಡವರು ಬೀದಿಗೆ ಬೀಳುತ್ತಾರೆ, ಹಟಮಾರಿ ದಾರಿಗೆ ಬರುತ್ತಾನೆ, ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ. ‘ಮೇಲೆ’ ಎಲ್ಲಿಯೂ ಇಲ್ಲ. ಇಂಗ್ಲಿಷಿನ ‘ಆನ್’ ಮತ್ತು ನಮ್ಮ ‘ಮೇಲೆ’ ಕಾಲದಲ್ಲಿ ಕೂಡುವ ಒಂದು ಜಾಗ ‘ಬಂದ ಮೇಲೆ’. ಅಲ್ಲಿಯೂ ಇಂಗ್ಲಿಷು ಬಂದ ಕ್ಷಣವನ್ನು ಹಿಡಿಯುತ್ತದೆ, ಕನ್ನಡಕ್ಕೆ ಬಂದು ವರ್ಷವಾದರೂ ಅಡ್ಡಿಯಿಲ್ಲ.

ಆದ್ದರಿಂದ ಚಿತ್ರಸರಣಿಯನ್ನು ಕೈಬಿಡಿ ಎಂದು ನಾವು ಹೇಳುತ್ತಿಲ್ಲ. ಪ್ರಶ್ನೆಯನ್ನು ಬದಲಿಸಬೇಕು. ‘ಉಂಗುರ ಎಲ್ಲಿದೆ?’ ಎಂಬುದರ ಜೊತೆಗೆ ‘ಚಿತ್ರದಲ್ಲಿ ಏನಾಗಿದೆ?’, ‘ಏನಿಲ್ಲ?’ ಎಂದೂ ಕೇಳಿ ಉತ್ತರಗಳನ್ನು ಪ್ರತ್ಯೇಕ ಪಟ್ಟಿಗಳಲ್ಲಿ ದಾಖಲಿಸಬೇಕು. ಪ್ರಶ್ನಾರೂಪವನ್ನು ಬರೆದಿಡದ ಕನ್ನಡದ ದತ್ತಾಂಶವನ್ನು ಭಾಷಾಪ್ರಕಾರಗಳ ಹೋಲಿಕೆಗೆ ಒದಗಿಸಬಾರದು. ವಿಜಯಪುರದಲ್ಲಿ ದಾರಿ ಕೇಳುವವರು ‘ದವಾಖಾನಿ ಎಲ್ಲಿ ಬರ್ತದ?’ ಎನ್ನುವುದುಂಟು, ಉತ್ತರವಾಗಿ ‘ಸೊಲ್ಲಾಪುರ ರೋಡಿಗಿ ಬರ್ತದ’ ಎಂಬುದನ್ನು ನಾವು ಕೇಳಿದ್ದೇವೆ. ಕದಲದ ಕಟ್ಟಡಕ್ಕೆ ಚಲನೆಯ ಕ್ರಿಯಾಪದ, ಸಪ್ತಮಿಯ ಪ್ರಶ್ನೆಗೂ ಚತುರ್ಥಿಯ ಉತ್ತರ: ‘ಇದೆ’ ಎಂಬುದರ ಬದಲು ‘ಬರ್ತದ’ ಎಂದೊಡನೆ ಪ್ರಶ್ನೆಯ ಹಿಡಿತ ಸಡಿಲಗೊಳ್ಳುವುದಾದರೆ, ನಮ್ಮ ಪ್ರಶ್ನಾವಳಿಯಲ್ಲಿ ಆ ಕ್ರಿಯಾಪದಕ್ಕೂ ಒಂದು ಸಾಲು ಬೇಕು.