ಕೇಳದ ಪ್ರಶ್ನೆ

ಮಕ್ಕಳು ಪ್ರಶ್ನೆ ಕೇಳುತ್ತ, ತಾವೇ ಹುಡುಕುತ್ತ ಕಲಿಯಬೇಕು ಎಂಬ ಉಪನ್ಯಾಸವನ್ನು ಒಂದಿಡೀ ದಿನ ನಾನು ಒಂದೂ ಪ್ರಶ್ನೆ ಕೇಳದೆ ಕೇಳಿ ಬಂದಿದ್ದೇನೆ. ಅದು ಸಮನ್ವಯ ಶಿಕ್ಷಣದ ತರಬೇತಿ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಆಗಿವೆ ಎಂದರು. ಬರೆದುಕೊಂಡೆವು. ಸಹಿ ಹಾಕಿ ಶಿರೂರಿನ ಬಸ್ಸು ಹಿಡಿದೆ.

ನನ್ನ ನಾಲ್ಕನೆಯ ತರಗತಿಯಲ್ಲಿ ಮಂದದೃಷ್ಟಿಯ ಹುಡುಗಿಯೊಬ್ಬಳಿದ್ದಳು. ತರಬೇತಿಯಲ್ಲಿ ಹೇಳಿದಂತೆ ಅವಳನ್ನು ಮುಂದಿನ ಸಾಲಿಗೆ ಕೂಡಿಸಿದೆ. ತಿಂಗಳಾದರೂ ಅವಳ ನೋಟುಪುಸ್ತಕ ಖಾಲಿ. ಆಲಸಿ ಎಂದು ಗದರಿದೆ. ಒಂದು ದಿನ ಏನನ್ನಿಸಿತೋ, ಪಕ್ಕದಲ್ಲಿ ಕೂತು, "ಎಲ್ಲಿ ಕುಂತ್ರ ನಿನಗ ಚಲೋ ಕಾಣತೈತಿ?" ಎಂದೆ.

"ಇಲ್ಲಿ ಬಾಗಲದ ಬೆಳಕು ಬೋರ್ಡಿನ ಮ್ಯಾಲೆ ಹೊಳೀತೈತ್ರಿ ಅಕ್ಕೋರ. ಆ ಗ್ವಾಡಿ ಕಡೆ ಆದ್ರ ಬೇಷ್ರಿ."

ಗೋಡೆಯ ಕಡೆ ಮೂರನೆಯ ಸಾಲು, ಬೋರ್ಡಿನ ಮೇಲೆ ದಪ್ಪ ಅಕ್ಷರ. ಅವಳು ಬರೆಯತೊಡಗಿದಳು. 21ರ ಪಟ್ಟಿ ಬೇಡವೆಂದಲ್ಲ. ಅದಿಲ್ಲದೆ ಪ್ರಮಾಣಪತ್ರವಿಲ್ಲ, ಸೌಲಭ್ಯವಿಲ್ಲ. ಆದರೆ ಬಾಗಿಲ ಬೆಳಕು ಯಾವ ಪಟ್ಟಿಯಲ್ಲಿದೆ?

ಶಿಕ್ಷಕರೇ ಹುಡುಕಿ ಕಲಿತ ಉದಾಹರಣೆ ನಮ್ಮ ರಾಜ್ಯದಲ್ಲಿ ಇಲ್ಲದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು ನಲಿ-ಕಲಿ ಆರಂಭಿಸಿದರು. ಕಲಿಕೆಯ ಕಾರ್ಡುಗಳನ್ನು ತಾವೇ ಕೂತು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಏಣಿ, ತಟ್ಟೆ, ಅಚ್ಚಾದ ಕಾರ್ಡು ಎಲ್ಲ ಬಂದವು. ಗೆಳೆಯರ ನೆರವಿನಿಂದ ಕಲಿಯುವ ಆ ಗುಂಪುಗಳು ಹಿಂದುಳಿದ ಮಗುವಿಗೆ ಒಳ್ಳೆಯವೇ. ಆದರೆ ಕಾರ್ಡು ಬರೆಯುವಾಗ ಶಿಕ್ಷಕರು ತಮಗೆ ತಾವೇ ಹಾಕಿಕೊಂಡ ಪ್ರಶ್ನೆಗಳು ಕಾರ್ಡಿನ ಜೊತೆ ಬರಲಿಲ್ಲ. ಇದೇ ನನ್ನ ತಕರಾರು.

ಹಾಗಾದರೆ ತರಬೇತಿ ಹೇಗಿರಬೇಕು? ಪ್ರತಿಯೊಬ್ಬರೂ ತಮ್ಮ ತರಗತಿಯ ಒಂದು ಮಗುವಿನ ತೊಡಕನ್ನು ಹಿಡಿದು ಬರಲಿ. ಆ ಮಗುವನ್ನು ಏನು ಕೇಳಿದಿರಿ, ಏನು ಕಂಡಿರಿ ಎಂದು ಮಾತಾಡೋಣ. ಹದಿನೈದು ದಿನ ಪ್ರಯತ್ನಿಸಿ ಮತ್ತೆ ಸೇರೋಣ, ತಪ್ಪಿದ್ದನ್ನೂ ಹೇಳೋಣ. ತಾಯಂದಿರೂ ಶಾಲೆಗೆ ಬಂದು, ಮಗು ಮನೆಯಲ್ಲಿ ಹೇಗೆ ನೋಡುತ್ತದೆ, ಹೇಗೆ ಕೇಳಿಸಿಕೊಳ್ಳುತ್ತದೆ ಎಂದು ಹೇಳಬೇಕು. ನಮಗಿಂತ ಮೊದಲು ಕಂಡವರು ನೀವೇ.

ಆ ಹುಡುಗಿ ಮುಂದಿನ ತರಗತಿಗೆ ಹೋದಳು. ಸುಮ್ಮನೆ ಗದರಿಸಿಕೊಂಡ ಆ ಒಂದು ತಿಂಗಳನ್ನು ಮಾತ್ರ ನಾನು ಅವಳಿಗೆ ತಿರುಗಿ ಕೊಡಲಾರೆ.