ನೂರ ಮೂವತ್ತೈದು ಹನ್ನೆರಡ್ಲೆ

ಕ್ರಿ.ಶ. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ‘ಲೀಲಾವತಿ’ಯು ಗುಣಾಕಾರಕ್ಕೆ ಆರಿಸಿಕೊಂಡ ಉದಾಹರಣೆ 135 × 12, ಉತ್ತರ 1620 ಎಂದಷ್ಟೇ ಹೇಳಿ ಮುಗಿಸದೆ ಅದೇ ಲೆಕ್ಕವನ್ನು ಹಲವು ಬಗೆಯಲ್ಲಿ ಬಿಡಿಸುವುದರಿಂದ, ಇಂದಿನ ನಾಲ್ಕನೆಯ, ಐದನೆಯ ತರಗತಿಯ ಶಿಕ್ಷಕರಿಗೂ ಅದು ಒಳ್ಳೆಯ ಪಾಠಟಿಪ್ಪಣಿಯಾಗಬಲ್ಲದು. ಗುಣಕವನ್ನು, ಅಂದರೆ ಗುಣಿಸುವ ಸಂಖ್ಯೆಯನ್ನು, 8 ಮತ್ತು 4 ಎಂದು ಒಡೆದರೆ ದೊರೆಯುವ 1080 ಮತ್ತು 540 ಕೂಡಿ 1620 ಆಗುತ್ತದೆ. ಅದನ್ನೇ 3 ಮತ್ತು 4ರ ಗುಣಲಬ್ಧವೆಂದು ಕಂಡರೆ ಮೊದಲು 405, ಬಳಿಕ ಅದರ ನಾಲ್ಕರಷ್ಟು. 20ರಿಂದ ಗುಣಿಸಿ 2700 ಪಡೆದು ಎಂಟರಷ್ಟನ್ನು ಕಳೆದರೂ ಫಲ ಬದಲಾಗದು.

ಶಾಲೆಗಳಲ್ಲಿ ರೂಢಿಯಾಗಿರುವುದು ಒಂದರ ಕೆಳಗೊಂದು ಬರೆಯುವ ಲಂಬ ವಿಧಾನ: ಬಿಡಿಸ್ಥಾನದ 2ರಿಂದ 270, ಹತ್ತರ ಸ್ಥಾನದ 1ರಿಂದ 135, ಎರಡನೆಯ ಸಾಲನ್ನು ಒಂದು ಮನೆ ಎಡಕ್ಕೆ ಸರಿಸಿ ಸಂಕಲನ. ಸರಿಸಲು ಮರೆತ ಮಗು 405 ಎಂದು ಬರೆಯುತ್ತದೆ. ಕೆಂಪು ಶಾಯಿಯ ಒಂದು ಗೆರೆಗೆ ಬಲಿಯಾಗುವ ಈ ತಪ್ಪನ್ನು ನಿಂತು ಓದಬೇಕು, ಏಕೆಂದರೆ ಇಲ್ಲಿ ಮಗು ಗುಣಿಸಿರುವುದು 12ರಿಂದಲ್ಲ, 1 ಮತ್ತು 2ರ ಮೊತ್ತವಾದ 3ರಿಂದ. ಅಂಕಿಯ ಮುಖಬೆಲೆಯನ್ನು ಹಿಡಿದು, ಅದು ನಿಂತ ಮನೆಯಿಂದ ಬರುವ ಸ್ಥಾನಬೆಲೆಯನ್ನು ಕೈಬಿಟ್ಟಿದೆ. ‘ಅಲ್ಲೊಂದು ಸೊನ್ನೆ ಹಾಕು’ ಎಂಬ ಅಪ್ಪಣೆ ಉತ್ತರವನ್ನು ತಿದ್ದಬಹುದೇ ಹೊರತು ತಿಳಿವಳಿಕೆಯನ್ನಲ್ಲ.

ಆದ್ದರಿಂದ ಲಂಬ ವಿಧಾನಕ್ಕೆ ಮುನ್ನ ಆಯತ ಬರಬೇಕು. ಒಂದು ಬದಿಯನ್ನು 100, 30, 5 ಎಂದೂ ಇನ್ನೊಂದನ್ನು 10, 2 ಎಂದೂ ವಿಭಾಗಿಸಿದಾಗ ಮೂಡುವ ಆರು ಕೋಣೆಗಳಲ್ಲಿ 1000, 300, 50 ಒಂದು ಸಾಲಿಗೂ 200, 60, 10 ಇನ್ನೊಂದು ಸಾಲಿಗೂ ಬೀಳುತ್ತವೆ. ಸಾಲುಗಳ ಮೊತ್ತ 1350 ಮತ್ತು 270 ಆದಾಗ, ಲಂಬ ವಿಧಾನದ ಎರಡು ಸಾಲುಗಳು ಇವೇ ಎಂಬುದೂ, ಅಲ್ಲಿನ ‘135’ ವಾಸ್ತವದಲ್ಲಿ 1350 ಎಂಬುದೂ ಮಗುವಿನ ಕಣ್ಣಿಗೇ ಕಾಣುತ್ತದೆ. ಸಂಖ್ಯೆಯನ್ನು ಭಾಗಗಳಾಗಿ ಒಡೆದು, ಪ್ರತಿ ಭಾಗವನ್ನೂ ಗುಣಿಸಿ ಕೂಡಿದರೆ ಮೊತ್ತ ಕೆಡದೆಂಬ ವಿಭಾಜಕ ನಿಯಮಕ್ಕೆ ಇದಕ್ಕಿಂತ ಸರಳವಾದ ಚಿತ್ರ ಬೇಕಿಲ್ಲ.

ಚೌಕಗಳಲ್ಲಿ ಓರೆಗೆರೆ ಎಳೆದು, ಗುಣಲಬ್ಧದ ಹತ್ತುಗಳನ್ನು ಮೇಲೂ ಬಿಡಿಗಳನ್ನು ಕೆಳಗೂ ಬರೆದು, ಓರೆಸಾಲುಗಳನ್ನು ಕೂಡುವ ಜಾಲರಿ ವಿಧಾನಕ್ಕೆ ಈಚೆಗೆ ಅತಿಯಾದ ಹೊಗಳಿಕೆ ಸಲ್ಲುತ್ತಿದೆ. ದಶಕ ಒಯ್ಯುವ ತೊಡಕನ್ನು ಅದು ಕೊನೆಯವರೆಗೆ ಮುಂದೂಡುವುದು ನಿಜವಾದರೂ, ಸ್ಥಾನಬೆಲೆಯನ್ನು ಓರೆಗೆರೆಗಳ ಹಿಂದೆ ಅಡಗಿಸುವುದರಲ್ಲಿ ಲಂಬ ವಿಧಾನಕ್ಕೆ ಏನೂ ಕಡಿಮೆಯಲ್ಲ.

ಯಾವ ವಿಧಾನವೆಂಬುದನ್ನು ಸಂಖ್ಯೆಗಳೇ ಸೂಚಿಸಬೇಕು. 25 × 36 ಎಂಬುದು 100 × 9 ಆಗಿ, 99 × 47 ಎಂಬುದು 4700ರಿಂದ 47 ಕಳೆದು 4653 ಆಗಿ ಬಾಯಿಲೆಕ್ಕದಲ್ಲೇ ಮುಗಿಯುತ್ತವೆ; 347 × 68ಕ್ಕೆ ಲಂಬ ವಿಧಾನವೇ ಮೇಲು. ಅಂದಾಜು ಮಾತ್ರ ಎಲ್ಲಕ್ಕೂ ಮೊದಲು ಬೇಕು, ಏಕೆಂದರೆ 135ರ ಹತ್ತರಷ್ಟೇ 1350 ಎಂದು ಬಲ್ಲ ಮಗು 405ನ್ನು ತಾನೇ ಹೊಡೆದುಹಾಕುತ್ತದೆ.

ಅಭ್ಯಾಸಕ್ಕೆಂದು ಯಾಂತ್ರಿಕವಾದ ಲೆಕ್ಕಗಳ ರಾಶಿ ಸುರಿಯುವ ಬದಲು, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದ ಕಡೆ ನೋಡಬಹುದು: ಎರಡೂ ತುದಿಯಿಂದ ಒಂದೇ ರೀತಿ ಓದಿಸಿಕೊಳ್ಳುವ, ಹಾರದಂಥ ಗುಣಲಬ್ಧಗಳನ್ನು ಅವರು ಹುಡುಕಿ ಪೋಣಿಸಿದ್ದಾರೆ. 139 × 109 ಎಂದರೆ 15151. 152207 × 73 ಎಂದರೆ ಎಂಟು ಒಂದುಗಳ ಸಾಲು, 11111111. ನಡುವೆ ಎಲ್ಲಿಯಾದರೂ ದಶಕ ತಪ್ಪಿದರೆ ಸಾಲು ಮುರಿಯುವುದರಿಂದ, ತಪ್ಪನ್ನು ಹಿಡಿಯಲು ಅಲ್ಲಿ ಶಿಕ್ಷಕರು ಬೇಕಾಗುವುದಿಲ್ಲ.