ರಾಗಿಯ ಸೀಮೆಯಲ್ಲಿ ಗೋಧಿಯ ರೊಟ್ಟಿ

ಕ್ರೈಸ್ತ ಆರಾಧನೆಯ ನಡುಮನೆಯಲ್ಲಿರುವ ಊಟದ ಆಚರಣೆಗೆ ಕನ್ನಡದಲ್ಲಿ ಎರಡು ಹೆಸರುಗಳು ನೆಲೆಗೊಂಡಿವೆ. ಪ್ರೊಟೆಸ್ಟೆಂಟ್ ಸಭೆಗಳು ಅದನ್ನು ‘ಕರ್ತನ ಭೋಜನ’ ಎನ್ನುತ್ತವೆ. ಕಥೋಲಿಕರು ಇಡೀ ಆರಾಧನೆಯನ್ನು ‘ಬಲಿಪೂಜೆ’ ಎಂದೂ, ಅದರಲ್ಲಿ ಭಕ್ತರ ಕೈಗೆ ಬರುವ ತೆಳುವಾದ ಗೋಧಿಯ ಬಿಲ್ಲೆಯನ್ನು ‘ಪರಮಪ್ರಸಾದ’ ಎಂದೂ ಕರೆಯುತ್ತಾರೆ. ಹೆಸರುಗಳ ಈ ವ್ಯತ್ಯಾಸ ಬರಿಯ ರೂಢಿಯದಲ್ಲ. ‘ಭೋಜನ’ವೆಂದರೆ ಜೊತೆಯಲ್ಲಿ ಕೂತು ಉಣ್ಣುವುದು, ‘ಪ್ರಸಾದ’ವೆಂದರೆ ದೇವರಿಗೆ ಮುಟ್ಟಿ, ಮಾರ್ಪಟ್ಟು, ಮರಳಿ ಬಂದದ್ದು. ರೊಟ್ಟಿ ಮತ್ತು ದ್ರಾಕ್ಷಾರಸಗಳ ಹೊರಗುಣಗಳು ಉಳಿದು ಒಳತಿರುಳು ಕ್ರಿಸ್ತನ ದೇಹ ಮತ್ತು ರಕ್ತವಾಗಿ ಬದಲಾಗುತ್ತದೆಂಬ ತತ್ತ್ವವನ್ನು 1215ರ ಲ್ಯಾಟರನ್ ಮಹಾಸಭೆಯು ಹೆಸರಿಟ್ಟು ಹೇಳಿತು, 1551ರಲ್ಲಿ ಟ್ರೆಂಟ್ ಮಹಾಸಭೆಯು ಗಟ್ಟಿಗೊಳಿಸಿತು. ಅದನ್ನು ಒಪ್ಪದ ಸುಧಾರಕರು ತಮ್ಮೊಳಗೇ ಒಮ್ಮತಕ್ಕೆ ಬರಲಾರದೆ, 1529ರಲ್ಲಿ ಮಾರ್‌ಬುರ್ಗ್‌ನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಇದೇ ಪ್ರಶ್ನೆಯ ಮೇಲೆ ಬೇರೆಯಾದರು. ಯೂರೋಪಿನ ಈ ಜಗಳದ ಎರಡೂ ಕಡೆಗಳು ಕನ್ನಡಕ್ಕೆ ಬಂದಾಗ ತಮಗೆ ಬೇಕಾದ ಪದಗಳನ್ನು ಇಲ್ಲಿಯ ಊಟದ ಮನೆಯಿಂದಲೇ ಆರಿಸಿಕೊಂಡವು. ಆಯ್ಕೆಯಲ್ಲಿ ಪದ ಒಗ್ಗಿತು, ಪದಾರ್ಥ ಒಗ್ಗಲಿಲ್ಲ ಎಂಬುದು ಇಲ್ಲಿ ಪರಿಶೀಲಿಸಬೇಕಾದ ಸಂಗತಿ.

ತುಮಕೂರು ತಾಲ್ಲೂಕಿನ ಬೆಳ್ಳಾವಿಯಂಥ ಊರನ್ನು ಮುಂದಿಟ್ಟುಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ಅದು ರಾಗಿಯ ಸೀಮೆ. ಅಲ್ಲಿ ‘ಹಿಟ್ಟು’ ಎಂದರೆ ಪುಡಿ ಮಾಡಿದ ಧಾನ್ಯ ಮಾತ್ರವಲ್ಲ, ರಾಗಿಮುದ್ದೆ, ಅಂದರೆ ಊಟವೇ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದವರ ಗಾದೆಯಲ್ಲಿ ಆ ಪದ ಈ ಅರ್ಥದಲ್ಲೇ ನಿಂತಿದೆ. ಯೇಸುವಿನ ಜನರ ಧರ್ಮಗ್ರಂಥದ ಭಾಷೆಯಾದ ಹೀಬ್ರೂವಿನಲ್ಲಿ ‘ಲೆಹೆಮ್’ ಎಂಬ ಪದವೂ ಹೀಗೆಯೇ ರೊಟ್ಟಿಯನ್ನೂ ಒಟ್ಟು ಆಹಾರವನ್ನೂ ಒಂದೇ ಉಸಿರಿನಲ್ಲಿ ಸೂಚಿಸುತ್ತದೆ. ಬಳ್ಳಾರಿಯಲ್ಲಿ 1810ರಲ್ಲಿ ನೆಲೆಸಿದ ಜಾನ್ ಹ್ಯಾಂಡ್ಸ್ ಅವರಿಂದ ಮೊದಲಾದ ಕನ್ನಡ ಬೈಬಲ್ ಅನುವಾದದ ಪರಂಪರೆಯು ಈ ಆಚರಣೆಗೆ ಮೂಲವಾದ ಯೇಸುವಿನ ಕಡೆಯ ಊಟದ ಪ್ರಸಂಗದಲ್ಲಿ ‘ರೊಟ್ಟಿ’ ಎಂಬ ಪದವನ್ನೂ, ಕರ್ತನ ಪ್ರಾರ್ಥನೆಯಲ್ಲಿ ‘ಆಹಾರ’ ಎಂಬ ಪದವನ್ನೂ ನೆಲೆಗೊಳಿಸಿತು. ಮೂಲ ಗ್ರೀಕಿನಲ್ಲಿ ಎರಡೂ ಕಡೆ ಇರುವುದು ಒಂದೇ ಪದ. ಬೇಡುವಾಗ ಆಹಾರ, ಹಂಚುವಾಗ ರೊಟ್ಟಿ ಎಂಬ ಈ ಒಡಕಿನಿಂದ ಆಚರಣೆಯ ರೊಟ್ಟಿಯು ದಿನನಿತ್ಯದ ಹಿಟ್ಟಿನಿಂದ ತುಸು ದೂರ ಸರಿದು ಬೇರೆಯದೇ ಒಂದು ವಸ್ತುವಾಯಿತು. ‘ಮುರಿಯುವುದು’ ಎಂಬ ಕ್ರಿಯಾಪದ ಮಾತ್ರ ಎರಡೂ ಕಡೆ ಉಳಿದುಕೊಂಡಿತು: ಯೇಸು ರೊಟ್ಟಿಯನ್ನು ಮುರಿದನು, ಬೆಳ್ಳಾವಿಯ ಮನೆಗಳಲ್ಲಿ ಮುದ್ದೆಯನ್ನು ಮುರಿಯುತ್ತಾರೆ.

ಇದರಲ್ಲೊಂದು ವಿನೋದವೂ ಇದೆ. ಕಡೆಯ ಊಟವು ಯೆಹೂದ್ಯರ ಪಸ್ಕ ಹಬ್ಬದ ಊಟವಾಗಿದ್ದರೆ (ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳು ಹಾಗೆಯೇ ಹೇಳುತ್ತವೆ) ಅಲ್ಲಿದ್ದದ್ದು ಹುಳಿ ಬೆರೆಸದ, ಉಬ್ಬದ, ಚಪ್ಪಟೆಯಾದ ರೊಟ್ಟಿ. ಅಂದಮೇಲೆ ಮಿಷನರಿಗಳು ತಮ್ಮೊಂದಿಗೆ ತಂದ ಉಬ್ಬಿದ ಬ್ರೆಡ್ಡಿಗಿಂತ ಹೆಂಚಿನ ಮೇಲೆ ತಟ್ಟಿ ಬೇಯಿಸಿದ ರೊಟ್ಟಿಯೇ ಯೆರೂಸಲೇಮಿನ ಆ ಮೇಜಿಗೆ ಹತ್ತಿರ. ಪೂರ್ವದ ಸಭೆಗಳು ಹುಳಿಹಿಟ್ಟಿನ ರೊಟ್ಟಿಯನ್ನೂ ಪಶ್ಚಿಮದವರು ಹುಳಿಯಿಲ್ಲದ್ದನ್ನೂ ಹಿಡಿದು, ಆ ವಾದವೂ 1054ರ ಒಡಕಿನ ಒಂದು ಕಾರಣವಾದದ್ದನ್ನು ನೆನೆದರೆ, ರೊಟ್ಟಿಯ ಹದದ ಬಗ್ಗೆ ಸಭೆಗಳು ಎಷ್ಟು ಗಂಭೀರವಾಗಿದ್ದವೆಂದು ತಿಳಿಯುತ್ತದೆ.

ಧಾನ್ಯದ ವಿಷಯದಲ್ಲಿ ಕಥೋಲಿಕ ಸಭೆಯ ನಿಯಮ ಇನ್ನೂ ಬಿಗಿ. 1983ರ ಧರ್ಮಸಭಾ ಕಾನೂನಿನ 924ನೆಯ ವಿಧಿಯು ರೊಟ್ಟಿ ಬರಿಯ ಗೋಧಿಯದಾಗಿರಬೇಕು, ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಬಂದದ್ದಾಗಿ ಕೆಡದೆ ಇರಬೇಕು ಎನ್ನುತ್ತದೆ. 2017ರಲ್ಲಿ ವ್ಯಾಟಿಕನ್ ಹೊರಡಿಸಿದ ಸುತ್ತೋಲೆಯು ಗ್ಲುಟೆನ್, ಅಂದರೆ ಗೋಧಿಯ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನು, ಸಂಪೂರ್ಣವಾಗಿ ಇಲ್ಲದ ರೊಟ್ಟಿಯು ಸಂಸ್ಕಾರಕ್ಕೆ ಸಲ್ಲದು ಎಂಬ ಹಿಂದಿನ ನಿಯಮವನ್ನೇ ಮತ್ತೆ ನೆನಪಿಸಿತು. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಹಾಗಾಗಿ ಈ ಸೀಮೆಯ ಬಡವನನ್ನು ತಲೆಮಾರುಗಳಿಂದ ಸಾಕಿದ ಧಾನ್ಯವು ಬಡವರ ದೇವರೆಂದು ಸಾರಲ್ಪಟ್ಟವನ ದೇಹವಾಗಲು ಕಾನೂನಿನ ಪ್ರಕಾರ ಅನರ್ಹ. ಕ್ರಿಸ್ತನು ಒಂದು ಕಾಲದಲ್ಲಿ, ಒಂದು ದೇಶದಲ್ಲಿ, ಅಲ್ಲಿಯ ಊಟ ಉಂಡವನು. ಆ ಚರಿತ್ರೆಯ ಗುರುತನ್ನು ಬಿಟ್ಟುಕೊಟ್ಟರೆ ಆಚರಣೆ ಕೇವಲ ಸಂಕೇತವಾಗಿಬಿಡುತ್ತದೆ ಎಂಬುದು ಈ ನಿಯಮದ ಪರವಾದ ವಾದ, ಅದು ಹಗುರವಾದದ್ದಲ್ಲ. ಆದರೆ ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ, ಜೀವದ ರೊಟ್ಟಿಯ ಕುರಿತ ದೀರ್ಘ ಉಪದೇಶಕ್ಕೆ ಪೀಠಿಕೆಯಾಗಿ ಬರುವ ಪವಾಡದಲ್ಲಿ, ಐದು ಸಾವಿರ ಜನರಿಗೆ ಹಂಚಿದ್ದು ಗೋಧಿಯ ರೊಟ್ಟಿಯನ್ನಲ್ಲ, ಅಂದಿನ ಬಡವರ ಧಾನ್ಯವಾದ ಜವೆಗೋಧಿಯದನ್ನು. ಕನ್ನಡದ ಆ ಹೆಸರಿನಲ್ಲಿ ‘ಗೋಧಿ’ ಸೇರಿಕೊಂಡಿರುವುದರಿಂದ ಓದುಗರಿಗೆ ಭೇದ ಕಾಣದೆ ಹೋಗುತ್ತದೆ. ಬೆಲೆಯಲ್ಲೂ ಮರ್ಯಾದೆಯಲ್ಲೂ ಅದು ಅಂದಿನ ರಾಗಿಯೇ.

ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ದೇಶೀಕರಣದ, ಅಂದರೆ ಆರಾಧನೆಯನ್ನು ನೆಲದ ಸಂಸ್ಕೃತಿಗೆ ಒಗ್ಗಿಸುವ, ಪ್ರಯತ್ನಗಳಿಗೆ ಬೆಂಗಳೂರೇ ಕೇಂದ್ರವಾಯಿತು. ಅಲ್ಲಿಯ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದ ಡಿ. ಎಸ್. ಅಮಲೋರ್ಪವದಾಸ್ ಈ ಚಿಂತನೆಯ ಮುಂಚೂಣಿಯಲ್ಲಿದ್ದರು. 1969ರ ಏಪ್ರಿಲ್ 25ರಂದು ರೋಮ್ ಒಪ್ಪಿದ ಹನ್ನೆರಡು ಅಂಶಗಳು ನೆಲದ ಮೇಲೆ ಕೂರುವುದಕ್ಕೆ, ಕೈಮುಗಿಯುವುದಕ್ಕೆ, ಆರತಿಗೆ, ಎಣ್ಣೆಯ ದೀಪಕ್ಕೆ, ಶಾಲಿಗೆ ಜಾಗ ಮಾಡಿಕೊಟ್ಟವು. ಸುತ್ತಲಿನ ಎಲ್ಲವೂ ದೇಶಿಯಾಗಬಹುದು, ಮಧ್ಯದಲ್ಲಿರುವ ತಿನಿಸು ಮಾತ್ರ ಆಗಬಾರದು ಎಂಬ ಈ ಏರ್ಪಾಡು ಊಟದ ಆಚರಣೆಯನ್ನು ಊಟದ ಎಲೆಯ ಅಂಚಿನಲ್ಲಷ್ಟೇ ಸುಧಾರಿಸಿದಂತೆ. ಜಾಗತಿಕ ಸಭೆಗಳ ಒಕ್ಕೂಟದ ಆಯೋಗವೊಂದು 1982ರಲ್ಲಿ ಲೀಮಾದಲ್ಲಿ ಅಂಗೀಕರಿಸಿದ ದಸ್ತಾವೇಜಿನ ಟಿಪ್ಪಣಿಯೊಂದು, ರೊಟ್ಟಿ ಮತ್ತು ದ್ರಾಕ್ಷಾರಸ ಬಳಕೆಯಲ್ಲಿಲ್ಲದ ನಾಡುಗಳಲ್ಲಿ ಸ್ಥಳೀಯ ಆಹಾರ ಪಾನೀಯಗಳೇ ಈ ಆಚರಣೆಯನ್ನು ದಿನದ ಬದುಕಿಗೆ ಬೆಸೆಯುತ್ತವೆ ಎಂಬ ಅಭಿಪ್ರಾಯವನ್ನು ದಾಖಲಿಸಿ, ತೀರ್ಪು ಕೊಡದೆ ಬಿಟ್ಟಿತು.

ಪಾನೀಯದ ಕಥೆ ಬೇರೆ. ‘ದ್ರಾಕ್ಷಾರಸ’ ಎಂಬ ಪದ ಅನುವಾದಕರ ಜಾಣ್ಮೆಯ ಫಲ: ಅದರಲ್ಲಿ ಹೆಂಡದ ವಾಸನೆಯೂ ಇಲ್ಲ, ಸಾರಾಯಿಯ ಕಳಂಕವೂ ಇಲ್ಲ, ಹುದುಗಿದ್ದೋ ಹುದುಗದ್ದೋ ಎಂಬುದನ್ನು ಅದು ಹೇಳುವುದೂ ಇಲ್ಲ. ಬೆಳ್ಳಾವಿಗೆ ದೂರವಲ್ಲದ ಗುಬ್ಬಿಯಲ್ಲಿ 1837ರಲ್ಲಿ ಥಾಮಸ್ ಹಾಡ್ಸನ್ ತೆರೆದ ವೆಸ್ಲಿಯನ್ ಮಿಷನ್ನಿಗೆ, 1839ರಲ್ಲಿ ವಿಲಿಯಂ ಆರ್ಥರ್ ಬಂದು ಸೇರಿದ ಆ ನೆಲೆಗೆ, ಹಿನ್ನೆಲೆಯಾಗಿದ್ದ ಮೆಥಡಿಸ್ಟ್ ಪಂಥವು ಮುಂದೆ ಪಾನವಿರೋಧಿ ಚಳವಳಿಯ ಮುಖ್ಯ ಬಲವಾಯಿತು. ದ್ರಾಕ್ಷಿಯ ರಸವನ್ನು ಹುದುಗದಂತೆ ಕಾಯಿಸಿ ಕಾಪಿಡುವ ವಿಧಾನವನ್ನು 1869ರಲ್ಲಿ ಅಮೆರಿಕೆಯಲ್ಲಿ ರೂಪಿಸಿದ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ಕೂಡ ಮೆಥಡಿಸ್ಟನೇ, ಅವನು ಅದನ್ನು ಮಾಡಿದ್ದು ಈ ಸಂಸ್ಕಾರಕ್ಕಾಗಿಯೇ. 1949ರ ಮುಂಬಯಿ ಪಾನನಿರೋಧ ಕಾಯಿದೆಯು, 1956ರವರೆಗೆ ಆ ರಾಜ್ಯದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಯಪುರಗಳಿಗೂ ಅನ್ವಯಿಸುತ್ತಿದ್ದ ಕಾನೂನು, ಸಂಸ್ಕಾರದ ದ್ರಾಕ್ಷಾರಸಕ್ಕೆ ಪ್ರತ್ಯೇಕ ಅನುಮತಿಯ ದಾರಿ ಇಟ್ಟಿತ್ತು. ಒಣದ್ರಾಕ್ಷಿಯನ್ನು ನೆನೆಸಿ, ಕುದಿಸಿ, ಸೋಸಿ ತೆಗೆಯುವ ರಸ ಇಂದಿಗೂ ಎಷ್ಟೋ ಸಣ್ಣ ಸಭೆಗಳಲ್ಲಿ ಸಾಕಾಗುತ್ತದೆ.

ಆದರೆ ಸುವಾರ್ತೆಗಳನ್ನು ಹತ್ತಿರದಿಂದ ಓದಿದವರಿಗೆ ಒಂದು ಸೂಕ್ಷ್ಮ ಕಾಣುತ್ತದೆ: ಕಡೆಯ ಊಟದ ವೃತ್ತಾಂತಗಳಲ್ಲಿ ದ್ರಾಕ್ಷಾಮದ್ಯವೆಂಬ ಅರ್ಥದ ಗ್ರೀಕ್ ಪದ ಎಲ್ಲಿಯೂ ಬರುವುದಿಲ್ಲ. ಬರುವುದು ‘ಪಾತ್ರೆ’, ಮತ್ತು ದ್ರಾಕ್ಷಾಬಳ್ಳಿಯ ಫಲವೆಂಬ ಬಳಸುಮಾತು. ಒತ್ತು ಇರುವುದು ದ್ರವದ ಮೇಲಲ್ಲ, ಒಂದೇ ಪಾತ್ರೆ ಕೈಯಿಂದ ಕೈಗೆ ದಾಟುವುದರ ಮೇಲೆ. ಈ ಒತ್ತಿನ ಅರ್ಥ ಕನ್ನಡ ನಾಡಿನಲ್ಲಿ ಯೂರೋಪಿಗಿಂತ ತೀಕ್ಷ್ಣವಾಗಿ ತಿಳಿಯಬೇಕು, ಏಕೆಂದರೆ ಇಲ್ಲಿ ‘ಎಂಜಲು’ ಎಂಬ ಪದವಿದೆ. ದೇವರು ಉಂಡು ಉಳಿದದ್ದು ಪ್ರಸಾದ, ಮನುಷ್ಯ ಉಂಡು ಉಳಿದದ್ದು ಎಂಜಲು ಎಂಬ ಗೆರೆಯ ಮೇಲೆಯೇ ಜಾತಿಯ ಅರ್ಧ ವ್ಯವಹಾರ ನಿಂತಿತ್ತು. ಶರಣರು ಅಷ್ಟಾವರಣದಲ್ಲಿ, ಅಂದರೆ ಭಕ್ತನನ್ನು ಕಾಯುವ ಎಂಟು ಕವಚಗಳಲ್ಲಿ, ಪಾದೋದಕ ಪ್ರಸಾದಗಳನ್ನು ಇರಿಸಿ ಈ ಗೆರೆಯನ್ನು ಒಮ್ಮೆ ಅಲುಗಿಸಿದ್ದರು. ಒಬ್ಬರ ತುಟಿ ಮುಟ್ಟಿದ ಪಾತ್ರೆಯನ್ನು ಮತ್ತೊಬ್ಬರ ತುಟಿಗೆ ಒಯ್ಯುವ ಕರ್ತನ ಭೋಜನವು ಮನುಷ್ಯರ ಎಂಜಲನ್ನೇ ಪ್ರಸಾದವಾಗಿಸುತ್ತದೆ. ದಕ್ಷಿಣದ ತಂಜಾವೂರಿನ ಸಭೆಗಳಲ್ಲಿ ಮೇಲುಜಾತಿಯವರು ಈ ಪಾತ್ರೆಯನ್ನು ತಾವೇ ಮೊದಲು ಕುಡಿಯಬೇಕೆಂದು ಹಟ ಹಿಡಿದದ್ದೂ, 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಭೇದ ಕೂಡದೆಂದು ಆಜ್ಞೆ ಬರೆದದ್ದೂ ಇದೇ ಕಾರಣಕ್ಕೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಇಲ್ಲದವರು ಹಸಿದಿದ್ದರೆಂದು ಪೌಲನು ಗದರಿದ್ದ ಜಗಳದ ಇನ್ನೊಂದು ರೂಪವಿದು.

ಇಷ್ಟಾಗಿಯೂ ಸಭೆಗಳು ಕಾಯ್ದುಕೊಂಡದ್ದು ಪದಾರ್ಥವನ್ನು, ಸಡಿಲಿಸಿದ್ದು ಪಾತ್ರೆಯನ್ನು. ಕಥೋಲಿಕ ಸಭೆಯು 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆಯ ಮೂಲಕ ಜನಸಾಮಾನ್ಯರಿಗೆ ಪಾತ್ರೆಯನ್ನು ನಿಲ್ಲಿಸಿತು. 20ನೆಯ ಶತಮಾನದಲ್ಲಿ ಅನುಮತಿ ಮರಳಿದರೂ ಸಾಮಾನ್ಯ ಭಾನುವಾರಗಳಲ್ಲಿ ಹೆಚ್ಚಿನ ಭಕ್ತರಿಗೆ ಸಿಗುವುದು ಬಿಲ್ಲೆಯೊಂದೇ. ಪ್ರೊಟೆಸ್ಟೆಂಟರಲ್ಲಿ 1890ರ ದಶಕದ ಅಮೆರಿಕೆಯಿಂದ ರೋಗಾಣುಗಳ ಭಯದೊಡನೆ ಹೊರಟ ಬಿಡಿ ಲೋಟಗಳ ಪದ್ಧತಿ ಹರಡಿತು, 2020ರ ಕೊರೊನಾ ಉಳಿದದ್ದನ್ನೂ ನಿಲ್ಲಿಸಿತು. ಆರೋಗ್ಯದ ಕಾರಣವನ್ನು ತಳ್ಳಿಹಾಕುವಂತಿಲ್ಲ, ಆದರೆ ಬಿಡಿ ಲೋಟವು ಮಡಿಯ ಹಳೆಯ ಅಭ್ಯಾಸಕ್ಕೆ ವಿಜ್ಞಾನದ ಹೊದಿಕೆಯಾಗುವುದೂ ಅಷ್ಟೇ ಸುಲಭ. ಜಾತಿ ಮತ ಕೇಳದೆ ಅನ್ನ ಬಡಿಸುವ ಸಿದ್ಧಗಂಗೆಯ ದಾಸೋಹ ತುಮಕೂರಿನ ಪಕ್ಕದಲ್ಲೇ ಇರುವಾಗ, ದೀಕ್ಷಾಸ್ನಾನ ಪಡೆದವರಿಗಷ್ಟೇ ಮೀಸಲಾದ ಈ ಊಟ ಒಳಗಿನವರ ನಡುವೆಯೂ ಲೋಟ ಲೋಟವಾಗಿ ಹಂಚಿಹೋದರೆ, ನೋಡುವವರಿಗೆ ಅದರ ಹೆಚ್ಚುಗಾರಿಕೆ ತಿಳಿಯದು.

ಧಾನ್ಯದ ಆಯ್ಕೆಯ ಮೇಲೆ ಸಂಸ್ಕಾರದ ಸಿಂಧುತ್ವವನ್ನು ನಿಲ್ಲಿಸದ ಪ್ರೊಟೆಸ್ಟೆಂಟ್ ಸಭೆಗಳಿಗೆ, ಅವುಗಳಲ್ಲೂ 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಪಂಥಗಳು ಕೂಡಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ, ಎರಡೂ ದಾರಿ ತೆರೆದಿವೆ. ರಾಗಿಯ ರೊಟ್ಟಿಯನ್ನು ಮೇಜಿಗೆ ತಂದರೆ ಒಳ್ಳೆಯದೇ. ಅದಕ್ಕಿಂತ ಮೊದಲು ಒಂದೇ ಪಾತ್ರೆಯನ್ನು ಮರಳಿ ತರಬೇಕು.